‘ನನ್ನದು’ ಎಂಬ ನಮೂದು

ಜನವರಿ 4

ಪುಟ್ಟಿ,

ಫೋನ್ ಮಾಡಬೇಡ. ಫೋನಿನಲ್ಲಿ ನಾವಿಬ್ಬರೂ ಎರಡು ಮಾತು ಆಡುವಷ್ಟರಲ್ಲಿ ಮೂರನೆಯದು ಜಗಳವಾಗುತ್ತದೆ, ಆಮೇಲೆ ಯಾರು ಮೊದಲು ಕಟ್ ಮಾಡಿದರು ಎಂಬುದು ಇನ್ನೊಂದು ಜಗಳ. ಅದಕ್ಕೇ ಬರೆಯುತ್ತಿದ್ದೇನೆ. ನೀನೂ ಬರೆದೇ ಉತ್ತರ ಕೊಡು.

ಪುಸ್ತಕದ ಪುಟ ಜೋಡಿಸುವ ನಿನ್ನ ಆ ಲೇಟೆಕ್ ತಂತ್ರಾಂಶ ನನ್ನ ಪ್ರಾಣ ಹಿಂಡುತ್ತಿದೆ. ಜೇಡಗಳ ಪುಸ್ತಕ ಬರೆದು ಮುಗಿಸಿದ್ದೇನೆ. ಇಷ್ಟು ವರ್ಷ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಟ್ಟು, ಮಿಕ್ಕ ಹೊತ್ತಿನಲ್ಲಿ ಮನೆಮನೆಯ ಮೂಲೆ ನೋಡಿ ಬರೆದ ಪುಸ್ತಕ. ಅದನ್ನು ಹಾಗೇ ಕೊಟ್ಟರೆ ಪ್ರಕಾಶನದವರು ತೆಗೆದುಕೊಳ್ಳುವುದಿಲ್ಲವಂತೆ, ಲೇಟೆಕ್‌ನಲ್ಲೇ ಬೇಕಂತೆ. ಅಲ್ಲಿಯ ಸಂಪಾದಕರು ನನ್ನ ಮುನ್ನುಡಿ ಓದಿ ಕಳಿಸಿದ ಅಭಿಪ್ರಾಯದಲ್ಲಿ ಜೇಡದ ಬಗ್ಗೆ ಒಂದು ಮಾತಿಲ್ಲ, ಬರೀ ಕಾಮಾಗಳ ಬಗ್ಗೆ ಎರಡು ಪುಟ. ನಾನು ಅವರಿಗೆ ಕಾಮಾ ಮಹಾಶಯರು ಎಂದು ಹೆಸರಿಟ್ಟಿದ್ದೇನೆ. ಮೇ ಕೊನೆಗೆ ಎಲ್ಲ ಸಿದ್ಧವಾಗಿರಬೇಕಂತೆ.

ನೀನು ಹೋದ ಸಲ ಬಂದಾಗ ತೋರಿಸಿಕೊಟ್ಟ ಹಾಗೆಯೇ ಮಾಡಿದೆ. ನಾನು ಓದಿದ ಪುಸ್ತಕ, ಲೇಖನಗಳನ್ನೆಲ್ಲ ಆ ಬಿಬ್ ಫೈಲಿನಲ್ಲಿ ತುಂಬಿದೆ. ಒಂದೊಂದಕ್ಕೂ ಒಂದು ಗುರುತಿನ ಹೆಸರು ಇಡು ಎಂದೆ, ಇಟ್ಟೆ. ಅದು ನಿನಗೂ ಕಂಪ್ಯೂಟರಿಗೂ ಮಾತ್ರ ಗೊತ್ತಿರುತ್ತದೆ, ಪುಟದಲ್ಲಿ ಬರುವುದಿಲ್ಲ ಎಂದು ನೀನೇ ಹೇಳಿದ್ದೆ. ಈಗ ನೋಡಿದರೆ ಪುಟ ಪುಟದಲ್ಲೂ ದಪ್ಪಕ್ಷರದಲ್ಲಿ ಅದೇ ಕುಣಿಯುತ್ತಿದೆ! “ಹೆಣ್ಣು ಜೇಡ ಗಂಡನ್ನು ಬಲೆಯ ಅಂಚಿನಲ್ಲೇ ತಡೆದು ನಿಲ್ಲಿಸುತ್ತದೆ [ಗೂಬೆ].” “ಈ ವಾದವನ್ನು ಹಲವರು ಒಪ್ಪುತ್ತಾರೆ [ಬಾಯಿಬಡುಕ, ಮೀಸೆ].” ಈ ಗೂಬೆ ಯಾರೆಂದು ಗೊತ್ತೇ? ಈ ವಿಷಯದಲ್ಲಿ ಎಲ್ಲರೂ ಎದ್ದು ನಿಂತು ಗೌರವ ಕೊಡುವ ಹಿರಿಯರು. ಪುಣ್ಯಕ್ಕೆ ಇನ್ನೂ ಯಾರಿಗೂ ಕಳಿಸಿಲ್ಲ. ಇದನ್ನು ಸರಿ ಮಾಡು.

ಇಂತಿ, ಕಂಪ್ಯೂಟರಿನ ಮುಂದೆ ಕೂತು ಕೂತು ಬೆನ್ನು ಬಿದ್ದುಹೋದ
ಅಮ್ಮ


ಜನವರಿ 7

ಅಮ್ಮಾ,

ಹಗಲೆಲ್ಲ ಕಚೇರಿಯಲ್ಲಿ ಗಣಿತದ ಲೇಖನ ಬರೆಯುವವರ ಉಲ್ಲೇಖಪಟ್ಟಿ ತಿದ್ದುವುದೇ ನನ್ನ ಕೆಲಸ. ಅವರ ಪಟ್ಟಿ ನೋಡಿ ಅಳು ಬರುತ್ತಿತ್ತು. ನಿನ್ನದು ನೋಡಿದ ಮೇಲೆ ಅವರ ಮೇಲೆ ಪ್ರೀತಿ ಬಂದಿದೆ.

ಮೊದಲು ನಿನ್ನ ಪ್ರಶ್ನೆಗೆ ಉತ್ತರ. ನಾನು ಹೇಳಿದ್ದು ಲೇಟೆಕ್ ಅನ್ನು ಒಂದು ಸಲ ಓಡಿಸು, ಆಮೇಲೆ ಬಿಬ್ ಫೈಲನ್ನು ಓದಿಸು, ಮತ್ತೆ ಎರಡು ಸಲ ಓಡಿಸು ಎಂದು. ನೀನು ಒಂದೇ ಸಲ ಓಡಿಸಿ ಕೈ ತೊಳೆದುಕೊಂಡಿದ್ದೀಯ. ಗುರುತಿನ ಹೆಸರು, ಅಂದರೆ ಕೀ, ಯಾವ ಪುಸ್ತಕದ್ದು ಎಂದು ತಿಳಿಯದಿದ್ದರೆ ಅದು ಕೀಯನ್ನೇ ದಪ್ಪಕ್ಷರದಲ್ಲಿ ಕಾರುತ್ತದೆ. ತಿಳಿದ ಮೇಲೆ ಅಲ್ಲಿ ಸಂಖ್ಯೆ ಬರುತ್ತದೆ. ಕೊನೆಯಲ್ಲಿ ಪಟ್ಟಿಯೂ ತಾನೇ ತಯಾರಾಗುತ್ತದೆ. ಇಡೀ ವ್ಯವಸ್ಥೆಯ ಸೊಗಸೇ ಅದು. ನಮೂದನ್ನು ಒಂದು ಕಡೆ ತಿದ್ದಿದರೆ ಸಾಕು, ಪುಸ್ತಕದಲ್ಲಿ ಅದು ಬಂದ ಕಡೆಯಲ್ಲೆಲ್ಲ ತಾನೇ ಸರಿಹೋಗುತ್ತದೆ. ಹಾಗಾಗಿ ನೀನು ಅಧ್ಯಾಯಗಳನ್ನು ಮುಟ್ಟಬೇಡ, ಮುಟ್ಟಿದಷ್ಟೂ ಕೆಡುತ್ತದೆ.

ಇನ್ನು ನಿನ್ನ ಫೈಲು. ಲೇಖಕರ ಜಾಗದಲ್ಲಿ ಮನೆಹೆಸರು ಮೊದಲು, ಕಾಮಾ, ಆಮೇಲೆ ಸ್ವಂತ ಹೆಸರು ಎಂದು ಬರೆದುಕೊಟ್ಟಿದ್ದೆ. ಒಂದು ಕಡೆ ನೀನು ‘ಆ ಇಬ್ಬರು’ ಎಂದು ಬರೆದಿದ್ದೀಯ. ಯಾವ ಇಬ್ಬರು? ಇನ್ನೊಂದು ಕಡೆ ವರ್ಷದ ಜಾಗದಲ್ಲಿ ‘ಪುಟ್ಟಿ ಐದನೇ ಕ್ಲಾಸಿನಲ್ಲಿದ್ದಾಗ’ ಎಂದಿದೆ. ಅಮ್ಮಾ, ಕಂಪ್ಯೂಟರಿಗೆ ನಾನು ಯಾವಾಗ ಐದನೇ ಕ್ಲಾಸಿನಲ್ಲಿದ್ದೆ ಎಂದು ಹೇಗೆ ಗೊತ್ತಾಗಬೇಕು? ಪುಟ ಸಂಖ್ಯೆ ಬರೆಯುವಲ್ಲಿ ‘ಹಸಿರು ರಟ್ಟಿನ ಸಂಪುಟದಲ್ಲಿ ನಡುವೆ ಎಲ್ಲೋ’. ಇದನ್ನು ಓದಿ ಪಕ್ಕದ ಮೇಜಿನವಳು ನನಗೆ ಹುಷಾರಿಲ್ಲವೇ ಎಂದು ವಿಚಾರಿಸಿದಳು.

ಕೊನೆಯದಾಗಿ, ‘ಇವರು-1’, ‘ಇವರು-2’, ‘ಅವರು-1’, ‘ಅವರು-2’ ಎಂಬ ಕೀಗಳಿವೆ. ತೆರೆದು ನೋಡಿದರೆ ಅಷ್ಟೂ ಅಪ್ಪನ ಲೇಖನಗಳೇ. ಒಬ್ಬರೇ ಮನುಷ್ಯರಿಗೆ ಎರಡು ಹೆಸರೇಕೆ? ಅದು ಸಾಲದೆಂದು ‘ಇವರು-3’ ಮತ್ತು ‘ನನ್ನದು’ ಎಂಬ ಎರಡು ನಮೂದುಗಳಲ್ಲಿ ಇರುವುದು ಒಂದೇ ಲೇಖನ, ಬಲೆಯ ದುರಸ್ತಿಯ ಬಗ್ಗೆ ಅಪ್ಪ ಬರೆದದ್ದು. ಪಟ್ಟಿಯಲ್ಲಿ ಒಂದೇ ಲೇಖನ ಎರಡು ಸಲ ಬಂದರೆ ನಿನ್ನ ಕಾಮಾ ಮಹಾಶಯರು ಎದೆ ಒಡೆದುಕೊಳ್ಳುತ್ತಾರೆ.

ತಲೆ ಚಚ್ಚಿಕೊಳ್ಳಲು ಗೋಡೆ ಹುಡುಕುತ್ತಿರುವ
ನಿನ್ನ ಮಗಳು


ಜನವರಿ 15

ಪುಟ್ಟಿ,

ಓಡಿಸಿದೆ, ಓದಿಸಿದೆ, ಮತ್ತೆರಡು ಸಲ ಓಡಿಸಿದೆ. ಗೂಬೆ ಮಾಯವಾಯಿತು, ಸಂಖ್ಯೆ ಬಂತು. ಅಷ್ಟರಲ್ಲಿ ಯಾವುದೋ ಒಂದು ಕಾಮಾ ಬಿಟ್ಟುಹೋಗಿದೆ ಎಂದು ಅದು ಮುನಿಸಿಕೊಂಡು ಕೂತಿತು. ಎಲ್ಲಿ ಬಿಟ್ಟಿದೆ ಎಂದು ಹೇಳಬಾರದೇ? ಹೇಳುವುದಿಲ್ಲ. ಇದೂ ಕಾಮಾ ಮಹಾಶಯರ ಸಂಬಂಧಿಯೇ ಇರಬೇಕು. ಅರ್ಧ ದಿನ ಹುಡುಕಿದೆ. ‘ಮೀಸೆ’ಯ ವರ್ಷದ ಮುಂದೆ ಇತ್ತು, ಅಂದರೆ ಇರಲಿಲ್ಲ.

‘ಇವರು’, ‘ಅವರು’ ಅರ್ಥವಾಗಲಿಲ್ಲವೇ? ಜೊತೆಯಲ್ಲಿದ್ದಾಗ ಬರೆದದ್ದು ‘ಇವರು’. ನಾನು ಮನೆ ಬಿಟ್ಟ ಮೇಲೆ ಬರೆದದ್ದು ‘ಅವರು’. ನೀನು ಅಪ್ಪನ ಜೊತೆ ಇರುತ್ತೇನೆಂದು ಅಲ್ಲೇ ಉಳಿದವಳು, ನಿನಗೆ ಇಂದಿಗೂ ಅವರು ‘ಇವರೇ’. ಅದಕ್ಕೆ ನನ್ನ ತಕರಾರಿಲ್ಲ. ಆದರೆ ನನ್ನ ಫೈಲಿನಲ್ಲಿ ನನ್ನ ಲೆಕ್ಕ.

ಅವರ ಲೇಖನಗಳ ಪುಟ ಸಂಖ್ಯೆ ನನ್ನ ಹತ್ತಿರ ಇಲ್ಲ. ಬರುವಾಗ ಪುಸ್ತಕಗಳನ್ನು ಹೊತ್ತುಕೊಂಡು ಬರಲಿಲ್ಲ. ಅದನ್ನು ನೀನೇ ಎಲ್ಲಿಂದಲೋ ಹುಡುಕಿ ತುಂಬು. ‘ನನ್ನದು’ ಮಾತ್ರ ಮುಟ್ಟಬೇಡ. ಯಾಕೆ ಎಂದು ಕೇಳಬೇಡ.

ಇಲ್ಲಿ ಚಳಿ ಬಿಟ್ಟಿಲ್ಲ. ನಿನ್ನ ಕೆಮ್ಮು ಹೋಯಿತೇ?

ಹೇಳಿದಷ್ಟು ಮಾಡಿದರೆ ಸಾಕೆನ್ನುವ
ಅಮ್ಮ


ಫೆಬ್ರವರಿ 2

ಅಮ್ಮಾ,

ಕೆಮ್ಮು ಹೋಯಿತು. ನಿನ್ನ ಫೈಲು ಮುಗಿಸಿದೆ. ‘ಆ ಇಬ್ಬರು’ ಯಾರೆಂದು ಪತ್ತೆ ಹಚ್ಚಿದೆ, ಅವರು ಮೂವರು. ನನ್ನ ಶಾಲೆಯ ವರ್ಷಗಳನ್ನೆಲ್ಲ ಇಸವಿಗಳಾಗಿ ಬದಲಿಸಿದೆ.

ಅಪ್ಪನ ಪುಟ ಸಂಖ್ಯೆಗಳಿಗೆ ಅಪ್ಪನಿಗಿಂತ ಬೇರೆ ಯಾರನ್ನು ಕೇಳಲಿ? ಇಡೀ ಪುಸ್ತಕವನ್ನು ಒಮ್ಮೆ ಓಡಿಸಿ, ಮುದ್ರಿಸಿ ಅವರ ಕೈಗೆ ಕೊಟ್ಟೆ. ಗೊತ್ತಲ್ಲ, ಅವರು ಹಾಲಿನ ಪೊಟ್ಟಣದ ಮೇಲೆ ಬರೆದದ್ದನ್ನೂ ತಿದ್ದುವವರು. ಪೆನ್ಸಿಲ್ ಚೂಪು ಮಾಡಿಕೊಂಡು ಖುಷಿಯಿಂದಲೇ ಕೂತಿದ್ದಾರೆ. ಪುಟಗಳು ಹೇಗೆ ಕಾಣುತ್ತವೆ ನೋಡಲಿ ಎಂದು ಕಾಮಾ ಮಹಾಶಯರಿಗೂ ಅದೇ ಪ್ರತಿ ಕಳಿಸಿದ್ದೇನೆ.

ನಿನಗೆ ಕೋಪ ಬಂದರೂ ಪರವಾಗಿಲ್ಲ, ‘ನನ್ನದು’ ನಮೂದನ್ನು ಅಳಿಸಿದ್ದೇನೆ. ಒಂದೇ ಲೇಖನ ಎರಡು ಸಲ ಬರಬಾರದು. ಇದರಲ್ಲಿ ಹಠ ಮಾಡುವುದಕ್ಕೆ ಏನೂ ಇಲ್ಲ, ಇದು ನಿಯಮ. ಅಧ್ಯಾಯಗಳಲ್ಲಿ ‘ನನ್ನದು’ ಎಂದಿರುವ ಕಡೆಯಲ್ಲೆಲ್ಲ ‘ಇವರು-3’ ಎಂದು ಹಾಕುವುದು ಬಾಕಿ ಇದೆ, ಈ ವಾರ ಹಾಕುತ್ತೇನೆ. ಓಡಿಸುವಾಗ ಅದರ ವಾರ್ನಿಂಗ್ ಬಂತು. ನಿನ್ನ ಫೈಲಿನಲ್ಲಿ ವಾರ್ನಿಂಗ್ ಬಾರದ ದಿನ ಯಾವುದು ಎಂದು ಮುಂದೆ ಹೋದೆ.

ಬೇರೆಲ್ಲ ಬಿಡು, ಪಟ್ಟಿ ಈಗ ಕನ್ನಡಿಯ ಹಾಗಿದೆ.

ಶಹಭಾಸ್ ಎನ್ನುತ್ತೀಯ ಎಂದು ಕಾದಿರುವ
ನಿನ್ನ ಮಗಳು


ಫೆಬ್ರವರಿ 5

ಪುಟ್ಟಿ,

ಮುಟ್ಟಬೇಡ ಎಂದಿದ್ದೆ. ಅಷ್ಟು ಹೇಳಿದ್ದೆ ತಾನೇ? ಒಂದೇ ಒಂದನ್ನು ಮುಟ್ಟಬೇಡ ಎಂದರೆ ಅದನ್ನೇ ಮುಟ್ಟಿ, ಅಳಿಸಿ, ಅಳಿಸಿದ ಪ್ರತಿಯನ್ನು ಮುದ್ರಿಸಿ, ಲೋಕದಲ್ಲಿ ಇಷ್ಟು ಜನರಿರುವಾಗ ಅವರ ಕೈಗೇ ಕೊಟ್ಟು ಬಂದಿದ್ದೀಯ. ನಿನಗೆ ಶಹಭಾಸ್ ಬೇರೆ ಬೇಕು!

ನೀನು ನನಗೆ ಕಳಿಸಿದ ಪ್ರತಿ ನೋಡಿದೆ. ಐದನೇ ಅಧ್ಯಾಯದಲ್ಲಿ ಸಾಲು ಸಾಲಿಗೂ ದಪ್ಪಕ್ಷರದಲ್ಲಿ ನಿಂತಿದೆ. “ಬಲೆ ಹರಿದರೆ ಈ ಜೇಡ ಜಾಗ ಬಿಡುವುದಿಲ್ಲ [ನನ್ನದು].” “ದುರಸ್ತಿಯನ್ನು ಹರಿದ ಕಡೆಯಿಂದ ಆರಂಭಿಸುವುದಿಲ್ಲ, ಅದಕ್ಕೆ ಎದುರಿನ ಮೂಲೆಯಿಂದ ಆರಂಭಿಸುತ್ತದೆ [ನನ್ನದು].” ಕಾಮಾ ಮಹಾಶಯರು ಆಗಲೇ ಬರೆದು ಕೇಳಿದ್ದಾರೆ, ಇದೇನು, ಯಾರದ್ದು, ಎಂದು.

ಯಾಕೆ ಎಂದು ಕೇಳಬೇಡ ಎಂದಿದ್ದೆ. ಈಗ ಕೇಳದಿದ್ದರೂ ಹೇಳುತ್ತೇನೆ. ಆ ಲೇಖನದಲ್ಲಿರುವ ಕೆಲಸ ನನ್ನದು. ನೀನು ಅಂಬೆಗಾಲಿಡುತ್ತಿದ್ದ ವರ್ಷ. ಅಡುಗೆಮನೆಯಲ್ಲಿ ಸಿಲಿಂಡರಿನ ಹಿಂದಿನ ಮೂಲೆ. ನಿನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು, ಊದುಬತ್ತಿ ಕಡ್ಡಿಯಿಂದ ಬಲೆ ಹರಿದು, ಅದು ಎಲ್ಲಿಂದ ಹೊಲಿಯಲು ಶುರು ಮಾಡುತ್ತದೆ ಎಂದು ನೋಡಿದವಳು ನಾನು. ಎದುರು ಮೂಲೆಯಿಂದ ಎಂದು ಕಂಡಾಗ ಕಿರುಚಿದೆ, ನೀನು ಹೆದರಿ ಅತ್ತೆ. ಸಂಜೆ ಅವರಿಗೆ ಹೇಳಿದೆ. “ಇದನ್ನ ಬರೀಬೇಕು ಕಣೆ” ಎಂದರು. ಬರೆದರು. ಅದರಲ್ಲಿರುವ ಗಣಿತ ಅವರದು, ಅದನ್ನು ನಾನು ಯಾವತ್ತೂ ಅಲ್ಲಗಳೆದಿಲ್ಲ. ಆದರೆ ಅಚ್ಚಾಗಿ ಬಂದಾಗ ಹೆಸರು ಒಂದೇ ಇತ್ತು.

ನನ್ನ ಪುಸ್ತಕದಲ್ಲಿ ನಾನು ಕಂಡದ್ದನ್ನು ಹೇಳುವ ಕಡೆಯೂ ಅವರ ಹೆಸರನ್ನೇ ಉಲ್ಲೇಖಿಸಬೇಕು. ನನ್ನ ಮಾತಿಗೆ ಅವರ ಸಾಕ್ಷಿ. ಬೇರೆ ದಾರಿ ಇಲ್ಲ, ಅದು ನನಗೂ ಗೊತ್ತು. ಕೊನೆಯ ಪಕ್ಷ ಕೀಯಾದರೂ ನನ್ನ ಮಾತು ಕೇಳಲಿ ಎಂದು ಇಟ್ಟುಕೊಂಡಿದ್ದೆ. ಯಾರಿಗೂ ಕಾಣದ ಜಾಗದಲ್ಲಿ. ಅದನ್ನೂ ನೀನು ನಿಯಮ ಎಂದು ಗುಡಿಸಿ ಹಾಕಿದೆ.

ಅಮ್ಮ


ಫೆಬ್ರವರಿ 20

ಅಮ್ಮಾ,

ಏನು ಬರೆಯುವುದು ಎಂದು ತಿಳಿಯದೆ ಇಷ್ಟು ದಿನ ಬರೆಯಲಿಲ್ಲ. ಇದನ್ನು ನೀನು ಈಗ ಹೇಳುತ್ತಿದ್ದೀಯ. ನಾನು ದೊಡ್ಡವಳಾದ ಮೇಲೆ ಎಷ್ಟು ಸಲ ಸಿಕ್ಕಿದ್ದೇವೆ, ಒಂದು ದಿನವೂ ಹೇಳಲಿಲ್ಲ. ನಂಬು ಎಂದರೆ ಹೇಗೆ ನಂಬಲಿ? ಅಪ್ಪ ಹಠಮಾರಿ, ಒರಟು, ಬೇಕಾದ್ದು ಅನ್ನು. ಆದರೆ ಬೇರೆಯವರ ಪೆನ್ಸಿಲ್ ಕೂಡ ಜೇಬಿಗೆ ಹಾಕಿಕೊಂಡವರಲ್ಲ.

ಭಾನುವಾರ ಅವರ ಮನೆಗೆ ಹೋದೆ. ಮುದ್ರಿಸಿದ ಪ್ರತಿ ಊಟದ ಮೇಜಿನ ಮೇಲೆ ಇತ್ತು. ಪುಟ ಸಂಖ್ಯೆಗಳನ್ನು ತುಂಬಿದ್ದಾರೆ. ಅಷ್ಟಕ್ಕೇ ಬಿಡದೆ ನಿನ್ನ ವಾಕ್ಯಗಳನ್ನೂ ತಿದ್ದಿದ್ದಾರೆ, ಒಂದು ಪುಟವೂ ಪೆನ್ಸಿಲ್ ಗುರುತಿಲ್ಲದೆ ಉಳಿದಿಲ್ಲ. ಐದನೇ ಅಧ್ಯಾಯ ತಿರುವಿ ನೋಡಿದೆ. ಅಲ್ಲಿ ಏನೂ ಇಲ್ಲ, ಅಮ್ಮಾ. ಒಂದು ಗೆರೆಯೂ ಇಲ್ಲ. ‘ಪ್ರಯೋಗ’ಕ್ಕೆ ‘ಪ್ರಯೊಗ’ ಎಂದು ನೀನು ಬರೆದಿದ್ದೀಯ, ಅದನ್ನೂ ಬಿಟ್ಟಿದ್ದಾರೆ. ಇಂಥದ್ದನ್ನು ಅಪ್ಪ ಬಿಟ್ಟದ್ದು ನಾನು ನೋಡಿಲ್ಲ.

“ಅಪ್ಪಾ, ಈ ಅಧ್ಯಾಯ ಓದ್ಲಿಲ್ವಾ?” ಎಂದೆ.

“ಓದ್ದೆ.”

“ಅಲ್ಲಿ ದಪ್ಪಕ್ಷರದಲ್ಲಿ ಬಂದಿರೋದು ನನ್ನ ತಪ್ಪು. ಅಮ್ಮ ಇಟ್ಟುಕೊಂಡಿರೋ ಗುರುತು ಅಷ್ಟೆ.”

“ಗೊತ್ತಾಯ್ತು.” ಆಮೇಲೆ ಕನ್ನಡಕ ತೆಗೆದು ಒರೆಸಿದರು, ತುಂಬಾ ಹೊತ್ತು ಒರೆಸಿದರು. “ಅವಳಿಗೆ ಹೇಳು, ‘ನನ್ನದು’ ಅನ್ನೋ ಕಡೆ ‘ನಮ್ಮದು’ ಅಂತ ಮಾಡ್ಲಿ. ಹಾಗಂತ ನಾನೊಂದು ಪತ್ರ ಬರ್ಕೊಡ್ತೀನಿ. ಮುಗೀತಲ್ಲ?”

ನನಗೆ ಕೇಳಿ ಸಮಾಧಾನವಾಯಿತು. ಅವರ ಬಾಯಿಂದ ಅಷ್ಟು ಬರುವುದು ಸಣ್ಣ ವಿಷಯವಲ್ಲ. ಒಂದೇ ಒತ್ತಕ್ಷರದ ವ್ಯತ್ಯಾಸ, ಅಮ್ಮಾ. ಪುಸ್ತಕವೂ ಹೊತ್ತಿಗೆ ಸರಿಯಾಗಿ ಬರುತ್ತದೆ. ಒಪ್ಪಿಬಿಡು.

ನಡುವೆ ಸಿಕ್ಕಿಕೊಂಡು ಸಾಕಾಗಿರುವ
ನಿನ್ನ ಮಗಳು


ಫೆಬ್ರವರಿ 21

ಪುಟ್ಟಿ,

‘ನಮ್ಮದು’ ಅಲ್ಲ. ‘ನನ್ನದು’.

ಮನೆ ನಮ್ಮದಾಗಿತ್ತು, ಸಾಲ ನಮ್ಮದಾಗಿತ್ತು, ನೀನು ನಮ್ಮವಳು. ಅದಕ್ಕೆಲ್ಲ ಆ ಒತ್ತಕ್ಷರ ಹಾಕಲು ನನ್ನ ಅಭ್ಯಂತರವಿಲ್ಲ. ಲೇಖನ ಅಚ್ಚಾದಾಗ ಅದು ‘ನಮ್ಮದು’ ಆಗಿರಲಿಲ್ಲ, ಅವರದಾಗಿತ್ತು. ಈಗ ನಾನು ಬಾಯಿ ಬಿಟ್ಟ ಮೇಲೆ ‘ನಮ್ಮದು’ ಆಯಿತೋ? ದೊಡ್ಡ ಮನಸ್ಸು!

ಕಾಮಾ ಮಹಾಶಯರಿಗೆ ಇದ್ದದ್ದನ್ನು ಇದ್ದ ಹಾಗೆ ಬರೆದೆ. ಅವರದು ಒಂದೇ ಮಾತು. ಅಚ್ಚಾಗಿರುವ ಲೇಖನದ ಕೆಲಸ ನನ್ನದು ಎಂದು ನಾನು ಪುಸ್ತಕದಲ್ಲಿ ಹೇಳುವುದಾದರೆ ಅದರ ಲೇಖಕರು ಹೌದೆಂದು ಬರೆದುಕೊಡಬೇಕು. ಇಲ್ಲದಿದ್ದರೆ ಎಲ್ಲರ ಹಾಗೆ ಅವರ ಹೆಸರನ್ನೇ ಉಲ್ಲೇಖಿಸಿ ಮುಂದೆ ಹೋಗಬೇಕು. ನಾನು ಕೇಳಲು ಹೋಗುವುದಿಲ್ಲ. ನೀನೂ ನನ್ನ ಪರವಾಗಿ ಕೇಳಬೇಡ.

ನೀನು ನಂಬದಿದ್ದುದಕ್ಕೆ ಬೇಜಾರಾಯಿತು. ಅದನ್ನು ಮುಚ್ಚಿಟ್ಟು ಏನು ಪ್ರಯೋಜನ. ತುಂಬಾ ಬೇಜಾರಾಯಿತು.

ಸ್ವಲ್ಪ ದಿನ ಬರೆಯುವುದಿಲ್ಲ. ಕತ್ತು ನೋವು, ಬಗ್ಗಿಸಲು ಆಗುತ್ತಿಲ್ಲ. ಮನೆಯ ಮಾಲೀಕರು ಬೇರೆ ಬಂದು, ಬಾಡಿಗೆಗೆ ಕೊಟ್ಟ ಮನೆಯನ್ನು ಗುಡಿಸಿ ಇಟ್ಟುಕೊಳ್ಳಬಾರದೇ ಎಂದು ಗೊಣಗಿ ಹೋದರು.

ಅಮ್ಮ


ಮಾರ್ಚ್ 30

ಅಮ್ಮಾ,

ನೀನು ಉತ್ತರ ಕೊಡುತ್ತಿಲ್ಲ. ಎರಡು ಸಲ ಬರೆದೆ, ಇದು ಮೂರನೆಯದು. ಇದನ್ನಾದರೂ ಓದು.

ಕೇಳಬೇಡ ಎಂದಿದ್ದೆ, ಕೇಳಿದೆ. ಮುಟ್ಟಬೇಡ ಎಂದದ್ದನ್ನು ಮುಟ್ಟುವುದು ಯಾರಿಂದ ಬಂತು ಎಂದು ನನ್ನನ್ನು ಕೇಳಬೇಡ. ಅಪ್ಪ ಟಿವಿ ನೋಡುತ್ತಿದ್ದರು. ಏನೋ ಮಾತಿಗೆ ಎಂಬಂತೆ ಕೇಳಿದೆ.

“ಅಪ್ಪಾ, ಆ ಜೇಡ ಯಾವ ಮೂಲೆಯಲ್ಲಿತ್ತು?”

“ಯಾವ ಜೇಡ?”

“ಬಲೆ ದುರಸ್ತಿ ಲೇಖನದ್ದು. ಹಳೇ ಮನೇಲಿ ಯಾವ ಮೂಲೆ?”

“ಅಯ್ಯೋ, ಯಾವ್ದೋ ಮೂಲೆ ಕಣೆ. ಮೂಲೆ ಅಂದ್ರೆ ಮೂಲೆ. ಈಗ ಅದ್ಯಾಕೆ?”

ಅಮ್ಮಾ, ಇದೇ ಅಪ್ಪ ನಾನು ಮೂರನೇ ಕ್ಲಾಸಿನಲ್ಲಿ ಬರೆದ ಪ್ರಬಂಧದಲ್ಲಿ ಯಾವ ಸಾಲಿನಲ್ಲಿ ಕಾಗುಣಿತ ತಪ್ಪಿತ್ತು ಎಂದು ಇವತ್ತಿಗೂ ಹೇಳುತ್ತಾರೆ. ನೀನು ಸಿಲಿಂಡರಿನ ಹಿಂದೆ ಎಂದೆ. ಊದುಬತ್ತಿ ಕಡ್ಡಿ ಎಂದೆ. ನಾನು ಅತ್ತದ್ದನ್ನೂ ಹೇಳಿದೆ. ನೋಡಿದವರಿಗೆ ಮೂಲೆ ನೆನಪಿರುತ್ತದೆ.

ಮಾರನೆಯ ದಿನ ಕಚೇರಿಯಲ್ಲಿ ಆ ಲೇಖನವನ್ನು ತರಿಸಿಕೊಂಡು ಮೊದಲ ಸಲ ಪೂರ್ತಿ ಓದಿದೆ. ಇಷ್ಟು ದಿನ ಅದರ ಹೆಸರು, ಇಸವಿ, ಸಂಪುಟ, ಪುಟ ಇಷ್ಟನ್ನೇ ತಿದ್ದುತ್ತಿದ್ದೆ. ಉಲ್ಲೇಖಪಟ್ಟಿಯವರ ಹಣೆಬರಹವೇ ಅದು, ಒಳಗೆ ಏನಿದೆ ಎಂದು ಯಾರೂ ಕೇಳುವುದಿಲ್ಲ, ನಾವೂ ನೋಡುವುದಿಲ್ಲ. ಕೊನೆಯ ಸಾಲು ಹೀಗಿದೆ: “ಹಸ್ತಪ್ರತಿಯನ್ನು ಅಚ್ಚುಕಟ್ಟಾಗಿ ಟೈಪ್ ಮಾಡಿಕೊಟ್ಟ ನನ್ನ ಪತ್ನಿಗೆ ಕೃತಜ್ಞತೆಗಳು.” ಟೈಪ್ ಮಾಡಿಕೊಟ್ಟ! ನನಗೆ ಮೈ ಉರಿಯಿತು. ಪಕ್ಕದ ಮೇಜಿನವಳಿಗೆ ಓದಿ ಹೇಳಿದೆ, ಅವಳಿಗೂ ಉರಿಯಿತು.

ಅಪ್ಪನ ಮುಂದೆ ಆ ಹಾಳೆ ಇಟ್ಟೆ. ‘ನಮ್ಮದು’ ಬೇಡ, ಇದ್ದದ್ದನ್ನು ಇದ್ದ ಹಾಗೆ ಬರೆದುಕೊಡಿ ಎಂದೆ. “ನೋಡೋಣ” ಎಂದರು. ಹೋದ ವಾರವೂ “ನೋಡೋಣ”, ಈ ವಾರವೂ “ನೋಡೋಣ”. ಕೆಟ್ಟವರಾಗಿದ್ದರೆ ಜಗಳವಾಡಿ ಬರಬಹುದಿತ್ತು. ಆ ಹಾಳೆಯನ್ನು ಮಡಚಿ ಕನ್ನಡಕದ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಾರೆ, ಬರೆಯುವುದು ಮಾತ್ರ ಇಲ್ಲ. ಮೇ ಕೊನೆಯೊಳಗೆ ಬರೆಯುತ್ತಾರೆ ಎಂಬ ನಂಬಿಕೆ ನನಗಿಲ್ಲ.

ನಾನು ನಿನ್ನನ್ನು ನಂಬುತ್ತೇನೆ. ಅದರಿಂದ ಪುಸ್ತಕಕ್ಕೆ ಏನೂ ಪ್ರಯೋಜನವಿಲ್ಲ, ನನ್ನ ನಂಬಿಕೆಯನ್ನು ಉಲ್ಲೇಖಿಸಲು ಬರುವುದಿಲ್ಲ. ಆದರೂ ಹೇಳಬೇಕಿತ್ತು.

ಅಳಿಸಿದ ನಮೂದನ್ನು ಹಳೆಯ ಪ್ರತಿಯಿಂದ ತೆಗೆದು ಮತ್ತೆ ಹಾಕಿದ್ದೇನೆ. ಅಧ್ಯಾಯಗಳನ್ನು ಮುಟ್ಟಿಲ್ಲ. ಮುಂದೇನು ಮಾಡುವುದು ಹೇಳು.

ನಿನ್ನ ಉತ್ತರಕ್ಕೆ ಕಾದಿರುವ
ಪುಟ್ಟಿ


ಮೇ 11

ಪುಟ್ಟಿ,

ನಿನ್ನ ಮೂರು ಪತ್ರಗಳೂ ಬಂದವು. ಮೂರನೆಯದನ್ನು ಹಲವು ಸಲ ಓದಿದೆ. ಬರೆಯದೆ ಇದ್ದುದಕ್ಕೆ ಕಾರಣ ಕೋಪವಲ್ಲ. ಮೊದಲು ಇತ್ತು, ಸುಳ್ಳೇಕೆ ಹೇಳಲಿ, ಆಮೇಲೆ ಪುರುಸೊತ್ತೇ ಇರಲಿಲ್ಲ. ಸ್ಟೂಲಿನ ಮೇಲೆ ನಿಂತಿದ್ದೆ.

ನೀನು ‘ನನ್ನದು’ ಅಳಿಸಿದೆ ಎಂದು ತಿಳಿದಾಗ ನಿನಗೆ ಬೈದು ಪತ್ರ ಬರೆದು ಮುಗಿಸಿ, ಎದ್ದು ಅಡುಗೆಮನೆಗೆ ಹೋದೆ. ಅಲ್ಲಿ ಮೂಲೆಯಲ್ಲಿ ಒಂದು ಜೇಡ ತನ್ನ ಪಾಡಿಗೆ ಕೂತಿತ್ತು. ನೋಡುತ್ತಾ ನಿಂತವಳಿಗೆ ನನ್ನ ಮೇಲೇ ರೇಗಿತು. ಅವರು ಬರೆದುಕೊಡಲಿ ಎಂದು ಕಾಯುವುದಕ್ಕೆ ನಾನೇನು ಅವರಿಗೆ ಕೊಟ್ಟ ಪಾತ್ರೆ ವಾಪಸ್ ಕೇಳುತ್ತಿದ್ದೇನೆಯೇ? ಜೇಡ ಇಲ್ಲೇ ಇದೆ, ಮೂಲೆ ಇಲ್ಲೇ ಇದೆ, ನನ್ನ ಕಣ್ಣೂ ಇನ್ನೂ ನೆಟ್ಟಗಿದೆ. ಮತ್ತೆ ನೋಡಿದರಾಯಿತು.

ನೋಡಿದೆ. ಅಡುಗೆಮನೆ ಮುಗಿದ ಮೇಲೆ ಮಲಗುವ ಕೋಣೆ, ಆಮೇಲೆ ಕಾಲೇಜಿನ ಪ್ರಯೋಗಾಲಯದ ಕಪಾಟಿನ ಹಿಂದೆ, ಮೆಟ್ಟಿಲ ಕೆಳಗೆ, ಮಾಲೀಕರ ಸಾಮಾನು ಕೋಣೆ. ಅವರಿಗೆ ಗುಡಿಸುತ್ತೇನೆ ಎಂದು ಹೇಳಿ ಬೀಗದ ಕೈ ಇಸಿದುಕೊಂಡೆ, ಗುಡಿಸಲಿಲ್ಲ. ಬೆಳಿಗ್ಗೆ ಹರಿಯುವುದು, ಸ್ಟೂಲು ಹಾಕಿಕೊಂಡು ಕತ್ತೆತ್ತಿ ಕಾಯುವುದು. ಕತ್ತು ನೋವು ಎಂದಿದ್ದೆನಲ್ಲ, ಅದು ಇದೇ. ಈ ಸಲ ಫೋಟೋ ತೆಗೆದಿದ್ದೇನೆ. ಸಹಾಯಕ್ಕೆ ನಿಂತ ಇಬ್ಬರು ವಿದ್ಯಾರ್ಥಿನಿಯರ ಹೆಸರನ್ನೂ ಜೊತೆಗೆ ಬರೆದಿದ್ದೇನೆ. ಎದುರು ಮೂಲೆಯಿಂದಲೇ ಶುರು ಮಾಡುತ್ತದೆ, ಪುಟ್ಟಿ. ಈಗಲೂ ಹಾಗೇ. ಮೊದಲನೆಯದನ್ನು ಕಂಡಾಗ ಮತ್ತೆ ಕಿರುಚಿದೆ. ಅಳಲು ನೀನಿರಲಿಲ್ಲ.

ಇನ್ನು ನಿನ್ನ ಬಿಬ್ ಫೈಲು. ನೀನು ಜನವರಿಯಲ್ಲಿ ಗದರಿಸಿ ಹೇಳಿದ್ದೆಯಲ್ಲ, ಅಧ್ಯಾಯ ಮುಟ್ಟಬೇಡ, ನಮೂದನ್ನು ಒಂದು ಕಡೆ ತಿದ್ದಿದರೆ ಎಲ್ಲ ಕಡೆ ತಾನೇ ಸರಿಹೋಗುತ್ತದೆ ಎಂದು. ನೀನು ವಾಪಸ್ ಹಾಕಿದ ‘ನನ್ನದು’ ತೆರೆದೆ. ಲೇಖಕರ ಜಾಗದಲ್ಲಿ ಅವರ ಹೆಸರು ತೆಗೆದು ನನ್ನ ಹೆಸರು ಹಾಕಿದೆ. ಮನೆಹೆಸರು, ಕಾಮಾ, ಆಮೇಲೆ ಹೆಸರು, ನೀನು ಹೇಳಿದ ಹಾಗೇ. ಶೀರ್ಷಿಕೆ, ‘ಮೂಲೆಯ ಜೇಡದ ಬಲೆ ದುರಸ್ತಿ: ಹೊಸ ವೀಕ್ಷಣೆಗಳು’. ವರ್ಷದ ಜಾಗದಲ್ಲಿ ಈ ವರ್ಷ, ಇಸವಿಯಲ್ಲೇ, ಗಾಬರಿಯಾಗಬೇಡ. ಟಿಪ್ಪಣಿ, ‘ಈ ಪುಸ್ತಕದ ಅನುಬಂಧ’. ಓಡಿಸಿದೆ, ಓದಿಸಿದೆ, ಎರಡು ಸಲ ಓಡಿಸಿದೆ. ಐದನೇ ಅಧ್ಯಾಯದಲ್ಲಿ ಒಂದಕ್ಷರವನ್ನೂ ಮುಟ್ಟಲಿಲ್ಲ. ಎಲ್ಲ ಕಡೆಯೂ ಸಂಖ್ಯೆ ಬಂತು, ಸಂಖ್ಯೆ ಹಿಡಿದು ಪಟ್ಟಿಗೆ ಹೋದರೆ ಅಲ್ಲಿ ನಾನಿದ್ದೇನೆ. ಆ ದರಿದ್ರ ತಂತ್ರಾಂಶದ ಮೇಲೆ ನನಗೆ ಮೊದಲ ಸಲ ಪ್ರೀತಿ ಉಕ್ಕಿತು.

ಅವರನ್ನು ಬಿಟ್ಟಿಲ್ಲ. ಮೊದಲು ಅಚ್ಚಾದದ್ದು ಅವರ ಲೇಖನ, ಅದನ್ನು ಹೇಳದಿರುವುದು ತಪ್ಪಾಗುತ್ತದೆ. ಅನುಬಂಧದಲ್ಲಿ ಒಂದು ಸಾಲು ಸೇರಿಸಿದ್ದೇನೆ: “ಇದೇ ಸಂಗತಿಯನ್ನು ಈ ಹಿಂದೆ ಇತರರೂ ವರದಿ ಮಾಡಿದ್ದಾರೆ.” ಅಲ್ಲಿ ಅವರ ಸಂಖ್ಯೆ ಬರುತ್ತದೆ. ಆ ‘ಇವರು-3’ ಅನ್ನು ಮಾತ್ರ ‘ಅವರು-3’ ಎಂದು ಬದಲಿಸಿದೆ. ಕಾಮಾ ಮಹಾಶಯರು ಫೋಟೋಗಳನ್ನೆಲ್ಲ ನೋಡಿ, ಯಾರ ಒಪ್ಪಿಗೆಯೂ ಬೇಕಾಗಿಲ್ಲ ಎಂದು ಒಪ್ಪಿದರು. ಅನುಬಂಧದಲ್ಲಿ ಎರಡು ಕಾಮಾ ಹೆಚ್ಚಾಗಿವೆಯಂತೆ.

ನಿನ್ನ ಅಪ್ಪನಿಗೆ ಆ ಪತ್ರ ಬರೆಯುವ ತೊಂದರೆ ಬೇಡ ಎಂದು ಹೇಳು. ಹಾಳೆಯನ್ನು ಕನ್ನಡಕದ ಡಬ್ಬಿಯಲ್ಲೇ ಇಟ್ಟುಕೊಳ್ಳಲಿ. ನಾನು ಬೇಸರದಿಂದ ಹೇಳುತ್ತಿಲ್ಲ, ನಿಜವಾಗಿಯೂ ಬೇಡ.

ಒಂದು ಕೆಲಸ ಬಾಕಿ ಇದೆ. ಈ ಪುಸ್ತಕದ ಅಷ್ಟೂ ಉಲ್ಲೇಖಗಳನ್ನು ಹುಡುಕಿ, ಜೋಡಿಸಿ, ನನ್ನ ಬೈಗುಳ ತಿಂದು ಸರಿ ಮಾಡಿದವಳು ನೀನು. ಅದನ್ನು ಕೊನೆಯ ಪುಟದಲ್ಲಿ ‘ಟೈಪ್ ಮಾಡಿಕೊಟ್ಟ ಮಗಳಿಗೆ’ ಎಂದು ಬರೆದು ಮುಗಿಸುವವಳು ನಾನಲ್ಲ. ಒಳರಟ್ಟಿನ ಪುಟದಲ್ಲಿ ನನ್ನ ಹೆಸರಿನ ಕೆಳಗೆ ‘ಉಲ್ಲೇಖ ಸಂಪಾದನೆ’ ಎಂದು ನಿನ್ನ ಹೆಸರು ಬರಬೇಕು ಎಂದು ಬರೆದು ಕಳಿಸಿದೆ. ಅವರು ಒಪ್ಪಿದ್ದಾರೆ. ಆದರೆ ಕಾಮಾ ಮಹಾಶಯರ ಫಾರಂನಲ್ಲಿ ಮನೆಹೆಸರು ಮೊದಲು ಕೇಳುತ್ತಾರೆ. ಕಚೇರಿಯಲ್ಲಿ ನೀನು ಅಪ್ಪನದನ್ನು ಬಳಸುತ್ತೀಯ ಎಂದು ಗೊತ್ತು, ಅದನ್ನೇ ಹಾಕಿದರೂ ನನಗೆ ಬೇಜಾರಿಲ್ಲ. ಬೇಜಾರಿಲ್ಲ ಎಂದು ಎರಡು ಸಲ ಬರೆದು ಒಂದು ಸಲ ಹೊಡೆದುಹಾಕಿದ್ದೇನೆ. ಯಾರದು ಹಾಕಲಿ, ಬೇಗ ಹೇಳು. ಅವರು ಅವಸರ ಮಾಡುತ್ತಿದ್ದಾರೆ.

ಕತ್ತು ಇನ್ನೂ ನೆಟ್ಟಗಾಗದ
ಅಮ್ಮ


ಮೇ 12

ಅಮ್ಮಾ,

ಫೈಲು ಓಡಿಸಿದೆ. ಒಂದು ವಾರ್ನಿಂಗೂ ಇಲ್ಲ. ನಂಬಿಕೆಯಾಗದೆ ಮತ್ತೊಮ್ಮೆ ಓಡಿಸಿದೆ. ‘ಪ್ರಯೊಗ’ ಮಾತ್ರ ಇನ್ನೂ ‘ಪ್ರಯೊಗ’ವಾಗಿಯೇ ಇತ್ತು, ತಿದ್ದಿದ್ದೇನೆ, ಕ್ಷಮಿಸು. ಶನಿವಾರ ಬರುತ್ತಿದ್ದೇನೆ, ಕತ್ತಿಗೆ ಹಚ್ಚಲು ಎಣ್ಣೆ ತರುತ್ತೇನೆ. ಮೂಲೆಗಳನ್ನು ಗುಡಿಸುವುದಿಲ್ಲ, ಆಣೆ.

ಮನೆಹೆಸರು ಯಾರದು ಎಂದು ಕೇಳಿದ್ದೀಯ.

ನಿನ್ನದು.

ಪುಟ್ಟಿ